ಗುರುತು ಉಳಿದಲ್ಲಿ ದೋಷ ಸಿಕ್ಕಿತು: ತಂತ್ರಾಂಶ ದೋಷಪತ್ತೆಯ ಚರಿತ್ರೆಯ ಕೆಲವು ಘಟ್ಟಗಳು

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ ಹಳೆಯ ದಿನಚರಿ ಪುಸ್ತಕವೊಂದಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಗಣಕವನ್ನು ನಡೆಸುತ್ತಿದ್ದವರು ಯಂತ್ರದ ದಿನದ ಆಗುಹೋಗುಗಳನ್ನು ಗಂಟೆ ನಿಮಿಷ ಸಮೇತ ಅದರಲ್ಲಿ ಬರೆದಿಡುತ್ತಿದ್ದರು. 1947ರ ಸೆಪ್ಟೆಂಬರ್ 9ರ ಪುಟಕ್ಕೆ ಒಂದು ಪತಂಗವನ್ನು ಅಂಟಿಸಿದ್ದಾರೆ. ಎಫ್ ಫಲಕದ 70ನೆಯ ರಿಲೇಯಲ್ಲಿ ಸಿಕ್ಕಿಕೊಂಡಿದ್ದ ಹುಳು ಅದು. 'ಬಗ್' ಎಂಬ ಪದ ಅಂದೇ ಹುಟ್ಟಿತು, ಹುಳುವನ್ನು ಹಿಡಿದವರು ಗಣಕವಿಜ್ಞಾನಿ ಗ್ರೇಸ್ ಹಾಪರ್ ಎಂಬ ಮಾತು ನಮ್ಮ ಕಾಲೇಜು ತರಗತಿಗಳಲ್ಲೂ ಕೇಳಿಬರುತ್ತದೆ. ಎರಡೂ ಸರಿಯಲ್ಲ. ಯಂತ್ರದ ಕೊರತೆಗೆ ಆ ಪದವನ್ನು ಥಾಮಸ್ ಎಡಿಸನ್ 1878ರಲ್ಲೇ ಪತ್ರವೊಂದರಲ್ಲಿ ಬಳಸಿದ್ದರು. ಹಾಪರ್ ಈ ಪ್ರಸಂಗವನ್ನು ಮುಂದೆ ಎಲ್ಲರಿಗೂ ಹೇಳಿ ಹೆಸರುವಾಸಿ ಮಾಡಿದವರು. ಈ ಲೇಖನದ ಮಟ್ಟಿಗೆ ಹುಳುವಿಗಿಂತ ಪುಸ್ತಕ ಮುಖ್ಯ. ಯಂತ್ರ ಕೆಟ್ಟ ಹೊತ್ತನ್ನೂ ಕೆಟ್ಟ ಜಾಗವನ್ನೂ ಬರೆದಿಡುವ ಅಭ್ಯಾಸ ಅಲ್ಲಿತ್ತು. ದೋಷಪತ್ತೆಯ ಚರಿತ್ರೆಯನ್ನು ಈ ಅಭ್ಯಾಸದ ಚರಿತ್ರೆಯಾಗಿ ಓದಬೇಕು ಎಂಬುದು ನನ್ನ ವಾದ.

1949ರ ಮೇ 6ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್ಸಾಕ್ ಗಣಕ ತನ್ನ ಮೊದಲ ಪ್ರೋಗ್ರಾಂ ನಡೆಸಿತು. ಅದನ್ನು ಕಟ್ಟಿದ ಮಾರಿಸ್ ವಿಲ್ಕ್ಸ್‌ಗೆ ಕೆಲವೇ ವಾರಗಳಲ್ಲಿ ಒಂದು ವಿಷಯ ಮನದಟ್ಟಾಯಿತು: ಉಳಿದ ಆಯುಷ್ಯದ ದೊಡ್ಡ ಪಾಲು ತಾನೇ ಬರೆದ ಪ್ರೋಗ್ರಾಂಗಳ ತಪ್ಪು ಹುಡುಕುವುದರಲ್ಲಿ ಕಳೆಯಲಿದೆ. ಆಗ ಅವರು ಬರೆಯುತ್ತಿದ್ದ ಪ್ರೋಗ್ರಾಂನ ರಂಧ್ರಪಟ್ಟಿ ದಶಕಗಳ ನಂತರ ಸಿಕ್ಕಿತು. 126 ಸಾಲುಗಳಲ್ಲಿ ಸುಮಾರು 20 ತಪ್ಪುಗಳಿದ್ದವು. ಆರಂಭದಲ್ಲಿ ಯಂತ್ರದ ಮುಂದೆ ನಿಂತು, ಗುಂಡಿ ಒತ್ತಿ ಒಂದೊಂದೇ ಆದೇಶ ನಡೆಸಿ, ಪರದೆಯ ಚುಕ್ಕೆಗಳನ್ನು ಕಣ್ಣಲ್ಲೇ ಓದಿ ತಪ್ಪು ಹುಡುಕುತ್ತಿದ್ದರು. ಇದರಿಂದ ಯಂತ್ರದ ಅಮೂಲ್ಯ ಸಮಯ ಹಾಳಾಗುತ್ತಿತ್ತು. ಅದೇ ಗುಂಪಿನ ಸ್ಟ್ಯಾನ್ಲಿ ಗಿಲ್ 1951ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ರೋಗನಿದಾನದ ಪದವಿದೆ. ಆಗ ರೂಢಿಗೆ ಬಂದ ವಿಧಾನಗಳು ಎರಡು. ಪ್ರೋಗ್ರಾಂ ನಿಂತುಹೋದ ಮೇಲೆ ಸ್ಮೃತಿಯಲ್ಲಿ ಉಳಿದದ್ದನ್ನು ಅಚ್ಚು ಹಾಕಿಸಿ ನೋಡುವುದು ಒಂದು. ಇದನ್ನು ಪೋಸ್ಟ್‌ಮಾರ್ಟಂ ಎಂದೇ ಕರೆದರು. ನಡೆದ ಪ್ರತಿ ಆದೇಶದ ಸಂಕೇತಾಕ್ಷರವನ್ನು ನಡೆದಂತೆಯೇ ಕಾಗದಕ್ಕಿಳಿಸುವುದು ಇನ್ನೊಂದು. ಇವತ್ತು ಬೆಂಗಳೂರಿನ ಯಾವುದೇ ಕಂಪನಿಯಲ್ಲಿ ರಾತ್ರಿ ಪಾಳಿಯವರು ಸರ್ವರ್ ಬಿದ್ದಾಗ ತೆರೆಯುವ ಡಂಪ್ ಮತ್ತು ಲಾಗ್ ಈ ಎರಡರ ಸಂತತಿ.

ಗುರುತು ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಥೆರಾಕ್-25ಕ್ಕಿಂತ ನೋವಿನ ನಿದರ್ಶನ ನನಗೆ ತಿಳಿದಿಲ್ಲ. ಕೆನಡಾದ ಸರ್ಕಾರಿ ಸಂಸ್ಥೆ ಅಟಾಮಿಕ್ ಎನರ್ಜಿ ಆಫ್ ಕೆನಡಾ ತಯಾರಿಸಿದ ಕ್ಯಾನ್ಸರ್ ವಿಕಿರಣ ಚಿಕಿತ್ಸಾ ಯಂತ್ರ ಅದು. ಅಮೆರಿಕ ಮತ್ತು ಕೆನಡಾದಲ್ಲಿ 11 ಯಂತ್ರಗಳು ಕೆಲಸ ಮಾಡುತ್ತಿದ್ದವು. 1985ರ ಜೂನ್‌ನಿಂದ 1987ರ ಜನವರಿಯವರೆಗೆ ಆರು ರೋಗಿಗಳ ಮೇಲೆ ಮಿತಿಮೀರಿದ ವಿಕಿರಣ ಬಿತ್ತು. ಹಿಂದಿನ ಥೆರಾಕ್-20ರಲ್ಲಿ ತಂತ್ರಾಂಶ ತಪ್ಪಿದರೂ ಕಿರಣವನ್ನು ತಡೆಯುವ ಯಾಂತ್ರಿಕ ಬೀಗಗಳಿದ್ದವು. ಹೊಸದರಲ್ಲಿ ಅವುಗಳನ್ನು ತೆಗೆದು ಹೊಣೆಯನ್ನೆಲ್ಲ ತಂತ್ರಾಂಶಕ್ಕೆ ಒಪ್ಪಿಸಿದ್ದರು. ಎರಡನೆಯ ಅಪಘಾತ ಹ್ಯಾಮಿಲ್ಟನ್ನಿನಲ್ಲಿ ನಡೆದಾಗ ತಯಾರಕರಿಗೆ ಅದನ್ನು ಮರಳಿ ಉಂಟುಮಾಡಲು ಆಗಲಿಲ್ಲ. ಅವರು ಒಂದು ಸಣ್ಣ ಸ್ವಿಚ್ಚಿನ ಮೇಲೆ ಅನುಮಾನಪಟ್ಟು, ಅದನ್ನು ತಿದ್ದಿ, ಯಂತ್ರದ ಸುರಕ್ಷತೆ ಲಕ್ಷಪಟ್ಟು ಹೆಚ್ಚಿತೆಂದು ಬರೆದು ತಿಳಿಸಿದರು. ಊಹೆಗೆ ಅಂಕಿಯ ಉಡುಪು ತೊಡಿಸಿದ್ದಷ್ಟೇ.

1986ರ ಮಾರ್ಚ್ 21ರಂದು ಟೆಕ್ಸಾಸಿನ ಟೈಲರ್ ಪಟ್ಟಣದಲ್ಲಿ 180 ರ‍್ಯಾಡ್ ವಿಕಿರಣ ಪಡೆಯಬೇಕಿದ್ದ ರೋಗಿಗೆ 16,500ರಿಂದ 25,000 ರ‍್ಯಾಡ್ ತಗುಲಿತೆಂದು ನಂತರ ಅಂದಾಜು ಮಾಡಲಾಯಿತು. ಪರದೆಯ ಮೇಲೆ ಮೂಡಿದ್ದು 'ಮಾಲ್‌ಫಂಕ್ಷನ್ 54' ಎಂಬ ಎರಡೇ ಪದ. ಎಂಜಿನಿಯರುಗಳು ಬಂದು ಪರೀಕ್ಷಿಸಿದರು, ಏನೂ ಸಿಗಲಿಲ್ಲ, ಯಂತ್ರ ಮತ್ತೆ ಬಳಕೆಗೆ ಬಂತು. ಏಪ್ರಿಲ್ 11ರಂದು ಅಲ್ಲೇ ಮತ್ತೊಬ್ಬ ರೋಗಿಗೆ ಸುಟ್ಟಗಾಯವಾಯಿತು. ಈ ಸಲ ಆಸ್ಪತ್ರೆಯ ಭೌತವಿಜ್ಞಾನಿ ಯಂತ್ರವನ್ನು ನಿಲ್ಲಿಸಿ, ಅದನ್ನು ನಡೆಸುತ್ತಿದ್ದ ಮಹಿಳೆಯ ಜೊತೆ ಕೂತರು. ಎಕ್ಸ್‌ರೇ ಎಂದು ತಪ್ಪಾಗಿ ಒತ್ತಿದ್ದನ್ನು ಎಲೆಕ್ಟ್ರಾನ್ ಎಂದು ತಿದ್ದಿ ಕೂಡಲೇ ಮುಂದೆ ಹೋಗಿದ್ದು ಆಕೆಗೆ ನೆನಪಿತ್ತು. ಅದೇ ಕೀಲಿಗಳನ್ನು ಮತ್ತೆ ಮತ್ತೆ ಒತ್ತಿ ನೋಡಿದರು. ಕೊನೆಗೆ ಗುಟ್ಟು ವೇಗದಲ್ಲಿದೆ ಎಂದು ಗೊತ್ತಾಯಿತು. ಯಂತ್ರದ ಅಯಸ್ಕಾಂತಗಳು ಸಜ್ಜಾಗಲು ಹಿಡಿಯುವ ಎಂಟು ಸೆಕೆಂಡಿನೊಳಗೆ ತಿದ್ದುಪಡಿ ಮುಗಿದರೆ ತಂತ್ರಾಂಶದ ಒಂದು ಭಾಗಕ್ಕೆ ಅದು ತಿಳಿಯುತ್ತಲೇ ಇರಲಿಲ್ಲ. ಕಂಪನಿಯವರು ನಿಧಾನವಾಗಿ ಒತ್ತಿ ಪರೀಕ್ಷಿಸಿದ್ದರಿಂದ ಅವರಿಗೆ ದೋಷ ಕಾಣಲಿಲ್ಲ. ದಿನವೂ ಅದೇ ಕೆಲಸ ಮಾಡಿ ಕೈ ಪಳಗಿದವರಿಗೆ ಮಾತ್ರ ಕಾಣುವಂಥದ್ದು ಅದು.

ಯಂತ್ರದಲ್ಲಿ ಘಟನೆಗಳ ಕ್ರಮವನ್ನು ಸಮರ್ಪಕವಾಗಿ ದಾಖಲಿಸುವ ಏರ್ಪಾಡು ಇರಲಿಲ್ಲ. ಹಾಗಾಗಿ ಒಬ್ಬ ಹೆಣ್ಣುಮಗಳ ನೆನಪೇ ಲಾಗ್ ಆಯಿತು. ಆಕೆ ಮರೆತಿದ್ದರೆ? ಇಷ್ಟಾದರೂ ಕಥೆ ಮುಗಿಯಲಿಲ್ಲ. 1987ರ ಜನವರಿಯಲ್ಲಿ ಯಾಕಿಮಾ ಪಟ್ಟಣದಲ್ಲಿ ನಡೆದ ಅಪಘಾತಕ್ಕೆ ಕಾರಣ ಬೇರೆಯೇ ದೋಷ: ಒಂದೇ ಬೈಟಿನಲ್ಲಿ ಎಣಿಸುತ್ತಿದ್ದ ಸಂಖ್ಯೆ 256ನೆಯ ಸಲ ಸೊನ್ನೆಗೆ ಮರಳಿ, ಆ ಕ್ಷಣದಲ್ಲಿ ಸುರಕ್ಷತಾ ತಪಾಸಣೆ ತಪ್ಪಿಹೋಗುತ್ತಿತ್ತು. ನ್ಯಾನ್ಸಿ ಲೆವಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಈ ಆರು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ಬರೆದ ಅಧ್ಯಯನ ದೋಷವಿದ್ದ ಸಾಲನ್ನು ತೋರಿಸಿ ಸುಮ್ಮನಾಗಲಿಲ್ಲ. ಸಿಕ್ಕ ಒಂದು ದೋಷವನ್ನು ತಿದ್ದಿದರೆ ಯಂತ್ರ ಸುರಕ್ಷಿತವಾಯಿತು ಎಂಬ ನಂಬಿಕೆಯನ್ನೇ ಪ್ರಶ್ನಿಸಿತು.

ಗುರುತು ಇದ್ದೂ ತಿದ್ದುಪಡಿ ತಡವಾದ ನಿದರ್ಶನವೂ ಉಂಟು. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಕ್ಷಿಪಣಿ ತಡೆಯುವ ಪೇಟ್ರಿಯಟ್ ವ್ಯವಸ್ಥೆ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯದೆ 28 ಅಮೆರಿಕನ್ ಸೈನಿಕರು ಸತ್ತರು. ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು 24 ಬಿಟ್‌ಗಳಲ್ಲಿ ಕತ್ತರಿಸಿ ಬರೆದದ್ದರಿಂದ, ಎಡೆಬಿಡದೆ ನೂರು ಗಂಟೆ ನಡೆದ ಯಂತ್ರದ ಗಡಿಯಾರ ಸುಮಾರು 0.34 ಸೆಕೆಂಡ್ ತಪ್ಪಿತ್ತು. ಹೊತ್ತು ಕಳೆದಂತೆ ಗುರಿ ಸರಿಯುತ್ತದೆಂದು ಇಸ್ರೇಲಿನವರು ತಮ್ಮ ದಾಖಲೆಗಳ ಆಧಾರದಲ್ಲಿ ಎರಡು ವಾರ ಮೊದಲೇ ತಿಳಿಸಿದ್ದರು. ತಿದ್ದಿದ ತಂತ್ರಾಂಶ ಧಹ್ರಾನ್ ತಲುಪಿದ್ದು 26ರಂದು.

ಇನ್ನು ನಮ್ಮ ಕಡೆಗೆ. 1993ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಮೇಲೇರಿದ ಮೊದಲ ಪಿಎಸ್‌ಎಲ್‌ವಿ (ಡಿ1), ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಐಆರ್‌ಎಸ್-1ಇ ಉಪಗ್ರಹವನ್ನು ಕಕ್ಷೆಗೆ ಸೇರಿಸಲಾಗದೆ ಹೋಯಿತು. ನಿಯಂತ್ರಣದ ಆಜ್ಞೆಯ ಬೆಲೆ ಗೊತ್ತುಪಡಿಸಿದ ಗರಿಷ್ಠ ಮಿತಿಯನ್ನು ದಾಟಿದಾಗ ಮಾತ್ರ ಹೊರಬೀಳುವ ತಂತ್ರಾಂಶ ದೋಷವನ್ನು ತನಿಖೆ ಗುರುತಿಸಿತು. ಹದಿಮೂರು ತಿಂಗಳೊಳಗೆ, 1994ರ ಅಕ್ಟೋಬರ್ 15ರಂದು, ಎರಡನೆಯ ರಾಕೆಟ್ ಯಶಸ್ವಿಯಾಯಿತು. ಶ್ರೀಹರಿಕೋಟಾದ ಆ ಸೋಲಿಗೆ ಮೂರು ವರ್ಷಗಳಷ್ಟೂ ಆಗಿರಲಿಲ್ಲ, 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಲ್ಲಿ ಯುರೋಪಿನ ಏರಿಯಾನ್-5 ಮೊದಲ ಹಾರಾಟದಲ್ಲೇ ಸಿಡಿಯಿತು. ಅಲ್ಲಿಯೂ ಮಿತಿ ದಾಟಿದ ಸಂಖ್ಯೆಯೇ: ರಾಕೆಟ್ಟಿನ ದಿಕ್ಕು ಅಳೆಯುವ ಘಟಕದಲ್ಲಿ 64 ಬಿಟ್‌ಗಳ ಬೆಲೆಯೊಂದು 16 ಬಿಟ್‌ಗಳ ಜಾಗದಲ್ಲಿ ಹಿಡಿಸಲಿಲ್ಲ. ಏರಿಯಾನ್-4ರಿಂದ ಎತ್ತಿಕೊಂಡ ಆ ತಂತ್ರಾಂಶ ಭಾಗಕ್ಕೆ ರಾಕೆಟ್ ನೆಲ ಬಿಟ್ಟ ಮೇಲೆ ಕೆಲಸವೇ ಇರಲಿಲ್ಲ. ಬದಲಿ ಘಟಕದಲ್ಲೂ ಅದೇ ತಂತ್ರಾಂಶವಿದ್ದುದರಿಂದ ಅದು ಹಿಂದಿನ 72 ಮಿಲಿಸೆಕೆಂಡಿನ ಆವರ್ತದಲ್ಲೇ ನಿಂತಿತ್ತು. ಕೆಟ್ಟ ಘಟಕ ತನ್ನ ದೋಷವನ್ನು ತಿಳಿಸಲು ಕಳಿಸಿದ ಸಂಕೇತವನ್ನು ಮುಖ್ಯ ಗಣಕ ಹಾರಾಟದ ಅಂಕಿಯೆಂದು ಓದಿ ರಾಕೆಟ್ಟನ್ನು ಅಡ್ಡ ತಿರುಗಿಸಿತು. ರೋಗಲಕ್ಷಣ ಹೇಳಬೇಕಾದ ಮಾತೇ ಮರಣಕ್ಕೆ ದಾರಿಯಾಯಿತು.

ಜಾಕ್-ಲೂಯಿ ಲಿಯೋನ್ಸ್ ಅಧ್ಯಕ್ಷತೆಯ ತನಿಖಾ ಮಂಡಳಿಗೆ ರಾಕೆಟ್ ಹಾರುತ್ತಾ ಕಳಿಸಿದ ಟೆಲಿಮೆಟ್ರಿ ಮಾಹಿತಿಯಷ್ಟೇ ಸಾಲಲಿಲ್ಲ. ಸುಮಾರು 12 ಚದರ ಕಿಲೋಮೀಟರ್ ಕಾಂಡ್ಲಾ ಕಾಡಿನ ಜೌಗಿನಲ್ಲಿ ಚದುರಿದ ಅವಶೇಷಗಳ ನಡುವಿನಿಂದ ಎರಡೂ ಘಟಕಗಳನ್ನು ಹುಡುಕಿ ತಂದರು. ಕೊನೆಯಲ್ಲಿ ನಿಂತ ಘಟಕದ ಕೆಲವು ಮಾಹಿತಿ ಟೆಲಿಮೆಟ್ರಿಯಲ್ಲಿ ಬಂದಿರಲಿಲ್ಲ. ಅದಕ್ಕಾಗಿಯೇ ಆ ಘಟಕ ಬೇಕಿತ್ತು. ಜುಲೈ 19ಕ್ಕೆ ವರದಿ ಸಿದ್ಧವಾಯಿತು, ಪ್ರಕಟವೂ ಆಯಿತು. ಜಗತ್ತಿನ ಎಷ್ಟೋ ಎಂಜಿನಿಯರಿಂಗ್ ತರಗತಿಗಳಲ್ಲಿ, ನಮ್ಮಲ್ಲೂ, ಅದನ್ನು ಪಾಠವಾಗಿ ಓದುತ್ತಾರೆ.

ಇದರ ಮರುವರ್ಷ ಮಂಗಳನ ಮೇಲಿಳಿದ ಪಾಥ್‌ಫೈಂಡರ್ ನೌಕೆ ಆಗಾಗ ತಾನಾಗಿ ಮರುಚಾಲನೆಗೊಳ್ಳತೊಡಗಿತು. ಹವಾಮಾನದ ಕಡಿಮೆ ಆದ್ಯತೆಯ ಕೆಲಸವೊಂದು ಬೀಗ ಹಿಡಿದುಕೊಂಡಿರುವಾಗ ಮಧ್ಯಮ ಆದ್ಯತೆಯ ಕೆಲಸ ಅದನ್ನು ತಳ್ಳಿ ಮುಂದೆ ಬರುತ್ತಿತ್ತು. ಆ ಬೀಗಕ್ಕಾಗಿ ಕಾಯುತ್ತಿದ್ದ ಅತಿ ಮುಖ್ಯ ಕೆಲಸ ಅಲ್ಲೇ ನಿಂತು, ನೌಕೆ ಮರುಚಾಲನೆಗೊಳ್ಳುತ್ತಿತ್ತು. ಪರೀಕ್ಷೆಗೆಂದು ಬರೆದ ದಾಖಲಾತಿ ಭಾಗವನ್ನು ಉಡಾವಣೆಗೆ ಮೊದಲು ತೆಗೆದುಹಾಕದೆ ನೌಕೆಯಲ್ಲೇ ಉಳಿಸಿದ್ದರು. ಪ್ರಯೋಗಾಲಯದಲ್ಲಿದ್ದ ಪ್ರತಿರೂಪದ ಮೇಲೆ ಅದೇ ತೊಂದರೆಯನ್ನು ಮರಳಿ ಉಂಟುಮಾಡಿ, ಆ ದಾಖಲೆಯನ್ನು ಓದಿ ಕಾರಣ ಕಂಡುಹಿಡಿದರು. ಪರಿಹಾರವಾದ ಆದ್ಯತಾ-ವರ್ಗಾವಣೆಯ ವಿಧಾನವನ್ನು ಶಾ, ರಾಜ್‌ಕುಮಾರ್ ಮತ್ತು ಲೆಹೋಸ್ಕಿ 1990ರಲ್ಲೇ ಪ್ರಕಟಿಸಿದ್ದರು. ಭೂಮಿಯಿಂದಲೇ ತಿದ್ದುಪಡಿ ಕಳಿಸಿದರು, ನೌಕೆ ಚೇತರಿಸಿಕೊಂಡಿತು.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಬೆಂಗಳೂರಿನ ಇಸ್ಟ್ರಾಕ್ ನಿಯಂತ್ರಣ ಕೇಂದ್ರದ ಪರದೆಗಳ ಮುಂದೆ ಕವಿದ ಮೌನವನ್ನು ಕನ್ನಡಿಗರು ಟಿವಿಯಲ್ಲಿ ನೋಡಿದ್ದಾರೆ. ಚಂದ್ರಯಾನ-2ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿಯುವಾಗ ಎರಡನೆಯ ಹಂತದಲ್ಲಿ ವೇಗ ಇಳಿಕೆ ವಿನ್ಯಾಸದ ಮಿತಿಗಿಂತ ಹೆಚ್ಚಾಯಿತೆಂದು ಆ ನವೆಂಬರಿನಲ್ಲಿ ಲೋಕಸಭೆಗೆ ಕೊಟ್ಟ ಚಿಕ್ಕ ಉತ್ತರ ತಿಳಿಸಿತು. ಎಂಜಿನ್‌ಗಳ ಒತ್ತಡ ಎಣಿಸಿದ್ದಕ್ಕಿಂತ ಹೆಚ್ಚಾಗಿ ತಪ್ಪು ಕೂಡುತ್ತಾ ಹೋದದ್ದು, ನೌಕೆ ತಿರುಗುವ ವೇಗಕ್ಕೆ ತಂತ್ರಾಂಶ ಹಾಕಿದ್ದ ಮಿತಿ, ಇಳಿಯಲು ಗೊತ್ತುಮಾಡಿದ್ದ 500 ಮೀಟರ್ ಚೌಕದ ಇಕ್ಕಟ್ಟು, ಇವು ಮೂರನ್ನೂ ಇಸ್ರೋದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ 2023ರ ಜುಲೈನಲ್ಲಿ ಬಿಡಿಸಿ ಹೇಳಿದರು. ಏನೇನು ಕೆಡಬಹುದು ಎಂಬಲ್ಲಿಂದ ಶುರುಮಾಡಿ ಚಂದ್ರಯಾನ-3ನ್ನು ರೂಪಿಸಿದೆವು ಎಂದೂ ವಿವರಿಸಿದರು. ಆ ಆಗಸ್ಟ್ 23ರ ಸಂಜೆ ಹೊಸ ನೌಕೆ ಮೆಲ್ಲಗೆ ಚಂದ್ರನ ನೆಲ ಮುಟ್ಟಿತು. ಭಾರತದ ದೋಷಪತ್ತೆಯ ಚರಿತ್ರೆಯಲ್ಲಿ ಇದಕ್ಕಿಂತ ಹೆಮ್ಮೆಯ ಅಧ್ಯಾಯ ನನಗೆ ಗೊತ್ತಿಲ್ಲ.

ಆದರೆ ಆ ಅಧ್ಯಾಯ ನಮ್ಮ ವಿದ್ಯಾರ್ಥಿಗಳಿಗೆ ಸಿಗುವುದು ಭಾಷಣಗಳ ತುಣುಕುಗಳಾಗಿ. ಕೂರೂವಿನ ದೋಷವನ್ನು ಪುಟಪುಟವಾಗಿ ಬಲ್ಲ ಮಕ್ಕಳಿಗೆ ಶ್ರೀಹರಿಕೋಟಾದ ದೋಷ ಒಂದೇ ವಾಕ್ಯವಾಗಿ ತಿಳಿದಿದೆ. ದೇಶದ ಭದ್ರತೆಗೆ ಸಂಬಂಧಿಸಿದ ಭಾಗಗಳನ್ನು ಬೇಕಾದರೆ ಮರೆಮಾಡಲಿ. ಪಿಎಸ್‌ಎಲ್‌ವಿ-ಡಿ1 ಮತ್ತು ವಿಕ್ರಮ್ ಕುರಿತ ತನಿಖಾ ವರದಿಗಳನ್ನು ಇಸ್ರೋ ಲಿಯೋನ್ಸ್ ವರದಿಯ ಹಾಗೆ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.