ಹಳ್ಳಿಯ ಕಟ್ಟೆಗೆ ಬಂದ ವಿಶ್ವವಿದ್ಯಾಲಯ

ಕವಿತೆ ಬರೆಯುವುದನ್ನು ತರಗತಿಯಲ್ಲಿ ಕಲಿಸಬಹುದೇ? ಕಲಿಸಬಹುದು ಎಂದುಕೊಂಡ ಅಮೆರಿಕದ ಅಯೋವಾ ವಿಶ್ವವಿದ್ಯಾಲಯ 1936ರಲ್ಲೇ ಬರಹಗಾರರ ಕಮ್ಮಟವೊಂದನ್ನು ತೆರೆಯಿತು. ಅಲ್ಲಿ ಕಥೆ ಕವಿತೆ ಬರೆದು ಒಪ್ಪಿಸಿದವರಿಗೂ ಸ್ನಾತಕೋತ್ತರ ಪದವಿ ಉಂಟು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾಲಯ 1970ರಲ್ಲಿ ಅದೇ ಹಾದಿ ಹಿಡಿಯಿತು. ನಮ್ಮ ಕನ್ನಡ ಎಂ.ಎ. ತರಗತಿಗಳಾದರೋ ಕವಿತೆಯನ್ನು ಓದುವುದನ್ನೂ ವಿಮರ್ಶಿಸುವುದನ್ನೂ ಹೇಳಿಕೊಟ್ಟವೇ ಹೊರತು ಬರೆಯುವುದನ್ನಲ್ಲ. ಆದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಬೇರೊಂದು ಕೆಲಸ ಮಾಡಿತು. ಕವಿಯೊಬ್ಬರನ್ನು ನೌಕರಿಗೆ ತೆಗೆದುಕೊಂಡು, ವಿದ್ಯೆಯನ್ನು ಊರೂರಿಗೆ ಮುಟ್ಟಿಸುವ ಹೊಣೆಯನ್ನು ಅವರಿಗೆ ಒಪ್ಪಿಸಿತು.

ಆ ಕವಿ ಚೆನ್ನವೀರ ಕಣವಿ. 1928ರಲ್ಲಿ ಗದಗ ತಾಲ್ಲೂಕಿನ ಹೊಂಬಳದಲ್ಲಿ ಹುಟ್ಟಿದ ಅವರು ಶಾಲಾ ಮಾಸ್ತರರ ಮಗ. ಗದಗ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1952ರಲ್ಲಿ ಎಂ.ಎ. ಮುಗಿಸಿದ ಕಣವಿ ಅದೇ ವರ್ಷ ವಿಶ್ವವಿದ್ಯಾಲಯದ ವ್ಯಾಸಂಗ ವಿಸ್ತರಣ ಮತ್ತು ಪ್ರಕಟನ ವಿಭಾಗದ ಕಾರ್ಯದರ್ಶಿಯಾದರು. ಮುಂದೆ ಪ್ರಸಾರಾಂಗವೆಂದು ಹೆಸರಾದದ್ದು ಇದೇ ವಿಭಾಗ. 1956ರಲ್ಲಿ ಅದರ ನಿರ್ದೇಶಕರಾದ ಅವರು 1983ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಉಳಿದರು. ವಿಶ್ವವಿದ್ಯಾಲಯದ ಒಂದು ಆಡಳಿತ ಕುರ್ಚಿಯಲ್ಲಿ ಕವಿಯೊಬ್ಬ ಇಷ್ಟು ದೀರ್ಘಕಾಲ ಕುಳಿತದ್ದು ನಮ್ಮಲ್ಲಿ ಅಪರೂಪವೇ ಸರಿ.

ಈ ಕಲ್ಪನೆ ಧಾರವಾಡದ ಸ್ವಂತದ್ದಲ್ಲ. ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲೇ ಅಧ್ಯಾಪಕರನ್ನು ಊರುಗಳಿಗೆ ಕಳಿಸಿ ಪ್ರಚಾರೋಪನ್ಯಾಸ ಮಾಡಿಸುತ್ತಿತ್ತು. ಮಾತನ್ನು ಕಿರುಪುಸ್ತಕವಾಗಿ ಅಚ್ಚು ಹಾಕಿ ಕೆಲವೇ ಆಣೆಗೆ ಮಾರುತ್ತಿತ್ತು. ಮುಂಬಯಿಯಲ್ಲಿ 1949ರಲ್ಲಿ ಆರಂಭವಾಗಿ 1950ರಲ್ಲಿ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವೂ ಈ ಮಾದರಿಯನ್ನೇ ಹಿಡಿಯಿತು. ಆದರೆ ಅದರ ಹರವು ದೊಡ್ಡದು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಮೊದಲಿಂದಲೂ ಇದ್ದವು. 1956ರ ಏಕೀಕರಣದ ನಂತರ ಕಲಬುರ್ಗಿ, ರಾಯಚೂರು, ಬೀದರಗಳೂ ಸೇರಿದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬೇರೆಯಾಗುವವರೆಗೆ ಇಷ್ಟೂ ಸೀಮೆಗೆ ಧಾರವಾಡದ ಒಂದು ಕಚೇರಿಯೇ ಆಸರೆ.

ಕೆಲಸದ ರೀತಿ ಸರಳ. ಸಾಹಿತ್ಯ, ಇತಿಹಾಸ, ಆರೋಗ್ಯ, ವಿಜ್ಞಾನ ಬಲ್ಲವರು ಊರಿಗೆ ಹೋಗಿ ಕನ್ನಡದಲ್ಲಿ ಮಾತನಾಡಬೇಕು. ಆ ಮಾತು ಉಪನ್ಯಾಸ ಗ್ರಂಥಮಾಲೆಯ ಪುಟ್ಟ ಪುಸ್ತಕವಾಗಿ ಹೊರಬರಬೇಕು. ಇಂಗ್ಲಿಷಿನಲ್ಲಿ ಪಾಠ ಹೇಳಿ ಅಭ್ಯಾಸವಾದ ಪ್ರಾಧ್ಯಾಪಕನಿಗೆ ಇದೇನು ಸುಲಭದ ಮಾತೇ? ಕ್ಲಾಸಿನಲ್ಲಿ ಅರ್ಥವಾಗದಿದ್ದರೂ ಹುಡುಗರು ಹಾಜರಿಗಾಗಿ ಕೂತಾರು. ಕಟ್ಟೆಯ ಮೇಲಿನ ರೈತ ಎದ್ದು ಹೋಗುತ್ತಾನೆ. ಹಳ್ಳಿ ಕಲಿತದ್ದೆಷ್ಟೋ, ಪ್ರಾಧ್ಯಾಪಕರ ಕನ್ನಡವಂತೂ ಇದರಿಂದ ಹದವಾಯಿತು ಎನ್ನಬೇಕು.

ಹಳ್ಳಿಗೆ ಸಾಹಿತ್ಯ ಒಯ್ಯುತ್ತೇವೆ ಎನ್ನುವಾಗ ಅದು ಮೊದಲೇ ಅಲ್ಲಿತ್ತು ಎಂಬುದನ್ನು ಮರೆಯಲಾಗದು. ಅಣ್ಣಿಗೇರಿಯನ್ನೇ ನೋಡಿ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬುದು ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದಲ್ಲಿ ಕೊರೆಸಿದ ಶಾಸನದಿಂದ ತಿಳಿದಿದೆ. ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಗುರುತಿಸಿದ ನೆಲದ ಒಂದು ಮೂಲೆ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಇಲ್ಲಿಗೆ ದೂರವಲ್ಲ. ಇನ್ನು ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಗೆಳೆಯರೂ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಈ ಭಾಗದಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ.

ಪ್ರಸಾರಾಂಗದ ಮಿತಿ ಇಲ್ಲಿಯೇ ಕಾಣುತ್ತದೆ. ಮಾತು ಧಾರವಾಡದಿಂದ ಹಳ್ಳಿಯ ಕಡೆಗೆ ಹರಿಯಿತು. ಹಳ್ಳಿಯ ಹುಡುಗ ನೋಟುಬುಕ್ಕಿನಲ್ಲಿ ಬರೆದಿಟ್ಟ ಪದ್ಯವನ್ನು ಕೂತು ಓದಿ, ಈ ಸಾಲು ಜೊಳ್ಳು, ಈ ಸಾಲು ಗಟ್ಟಿ ಎಂದು ಹೇಳುವ ಏರ್ಪಾಡು ಉಪನ್ಯಾಸದಲ್ಲಿ ಇರಲು ಸಾಧ್ಯವಿರಲಿಲ್ಲ. ಸಂಗೀತಕ್ಕಾದರೆ ಈ ಕೊರತೆ ಇರಲಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿಯೇ ಇದ್ದು ಭೀಮಸೇನ ಜೋಶಿ ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದರು. ತಪ್ಪಿದ ಸ್ವರವನ್ನು ಅಲ್ಲಿಯೇ ತಿದ್ದುವ ಗುರು ಇದ್ದರು. ಅದೇ ಊರಿನ ಕವಿತೆ ಬರೆಯುವ ಹುಡುಗ ಯಾರ ಮನೆ ಬಾಗಿಲು ತಟ್ಟಬೇಕಿತ್ತು?

ಉತ್ತರ ದೊರೆತದ್ದು ವಿಶ್ವವಿದ್ಯಾಲಯದ ಇಲಾಖೆಗಳಲ್ಲಿ ಅಲ್ಲ, ಅಂಚೆಯಲ್ಲಿ. 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ ಮತ್ತು ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ ಧಾರವಾಡದಲ್ಲಿ ‘ಸಂಕ್ರಮಣ’ ಎಂಬ ಸಣ್ಣ ಪತ್ರಿಕೆ ಹೊರಡಿಸಿದರು. ಪಾಟೀಲರು ಹತ್ತಿಮತ್ತೂರಿನವರು, ಗಿರಡ್ಡಿ ಅಬ್ಬಿಗೇರಿಯವರು. ಮುಂದೆ ಇಬ್ಬರೂ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು. ಸಂಬಳ ವಿಶ್ವವಿದ್ಯಾಲಯದ್ದು, ಪತ್ರಿಕೆ ಸ್ವಂತದ್ದು. ಹಸ್ತಪ್ರತಿಗೆ ಸಂಪಾದಕರಿಂದ ಬರುವ ಒಂದು ಕಾರ್ಡು, ಸ್ವೀಕೃತವೋ ತಿರಸ್ಕೃತವೋ, ಬರೆಯುವವನಿಗೆ ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಕಲಿಸುತ್ತದೆ. ಅಯೋವಾದ ಕಮ್ಮಟದಲ್ಲಿ ಮೇಜಿನ ಸುತ್ತ ಕೂತು ಮಾಡುವುದನ್ನು ಇಲ್ಲಿ ಅಂಚೆಯಣ್ಣ ಮಾಡಿಸಿದ.

1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಚಂಪಾ ಎಂದೇ ಹೆಸರಾಗಿದ್ದ ಪಾಟೀಲರು ಅದರ ಮುಂಚೂಣಿಯಲ್ಲಿದ್ದರು. ಮರುವರ್ಷ, 1980ರ ಜುಲೈ 21ರಂದು, ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರವನ್ನು ವಿರೋಧಿಸಿದ ರೈತರ ಮೇಲೆ ನವಲಗುಂದದಲ್ಲಿ ಗೋಲಿಬಾರ್ ನಡೆಯಿತು. ಎರೆಹೊಲದ ಈ ಸೀಮೆ ರಾಜಧಾನಿಯನ್ನು ತನ್ನ ಕಡೆ ನೋಡುವಂತೆ ಮಾಡಿತು. ಸಾಹಿತ್ಯವನ್ನು ಹಳ್ಳಿಗೆ ಕೊಂಡೊಯ್ಯುವುದು ಎಂಬ ಮಾತಿಗೆ ಅಲ್ಲಿಂದ ಮುಂದೆ ಹಳೆಯ ಅರ್ಥ ಉಳಿಯಲಿಲ್ಲ. ಹಳ್ಳಿಯೇ ಬರೆಯಲು ಕೂತಿತ್ತು. ಹೀಗೆಂದು ಪ್ರಸಾರಾಂಗದ ದುಡಿಮೆ ವ್ಯರ್ಥವಾಯಿತೆನ್ನುವುದು ಅನ್ಯಾಯ. ವಾಚನಾಲಯವಿಲ್ಲದ ಊರಿನಲ್ಲಿ ಅಗ್ಗದ ಕಿರುಪುಸ್ತಕವೂ ಒಂದು ವಾಚನಾಲಯವೇ.

ಕಣವಿಯವರಿಗೆ ‘ಜೀವಧ್ವನಿ’ಗಾಗಿ 1981ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ ಅವರು ಪ್ರಸಾರಾಂಗದ ಕುರ್ಚಿಯಲ್ಲೇ ಇದ್ದರು. ಚಂಪಾ ಮತ್ತು ಕಣವಿ ಇಬ್ಬರೂ 2022ರಲ್ಲಿ, ಒಂದು ತಿಂಗಳ ಅಂತರದಲ್ಲಿ ತೀರಿಕೊಂಡರು. ಅದಕ್ಕೂ ಮೊದಲು, 2013ರಲ್ಲಿ, ಗಿರಡ್ಡಿಯವರ ಮುಂದಾಳತ್ವದಲ್ಲಿ ಧಾರವಾಡ ಸಾಹಿತ್ಯ ಸಂಭ್ರಮ ಆರಂಭವಾಯಿತು. ವೇದಿಕೆ ಕರ್ನಾಟಕ ವಿಶ್ವವಿದ್ಯಾಲಯದ ಸುವರ್ಣ ಮಹೋತ್ಸವ ಭವನವಾಗಿತ್ತು. ಮೊದಲೇ ಹೆಸರು ನೋಂದಾಯಿಸಿದವರಿಗೆ ಪ್ರವೇಶವಿತ್ತು. ಒಳ್ಳೆಯ ಗೋಷ್ಠಿಗಳು, ದೊಡ್ಡ ಹೆಸರುಗಳು. ಉಪನ್ಯಾಸಕರು ಊರಿಗೆ ಹೋಗುವ ಬದಲು ಅಲ್ಲಿ ಊರಿನವರೇ ಉಪನ್ಯಾಸಕ್ಕೆ ಬರಬೇಕಿತ್ತು. ಸಂಜೆಯ ಗೋಷ್ಠಿ ಮುಗಿಯುವವರೆಗೆ ಕೂತವರಿಗೆ ಕಲಘಟಗಿ, ನವಲಗುಂದಗಳ ಒಳಹಳ್ಳಿಯ ಬಸ್ಸು ಸಿಗುವುದು ಕಷ್ಟವಾಗಿತ್ತು.