ಅಜಂತಾದ ಗೋಡೆ, ಬಂಗಾಳದ ತೆರೆ

ಬಂಗಾಳಿ ಕಲಾತ್ಮಕ ಚಿತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯೂರೋಪಿನಿಂದ ಆರಂಭಿಸುತ್ತಾರೆ. ಕಲ್ಕತ್ತೆಗೆ ಬಂದಿದ್ದ ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾ ಅವರೊಡನೆ ಸತ್ಯಜಿತ್ ರೇ ಅವರಿಗೆ ದೊರೆತ ಒಡನಾಟ, 1950ರಲ್ಲಿ ಲಂಡನ್ನಿನಲ್ಲಿ ಅವರು ಕಂಡ ಡಿ ಸಿಕಾನ 'ಬೈಸಿಕಲ್ ಥೀವ್ಸ್', ಬಳಿಕ 1955ರ 'ಪಥೇರ್ ಪಾಂಚಾಲಿ'. ಇದು ಸುಳ್ಳಲ್ಲ, ಆದರೆ ಅರ್ಧ ಕಥೆ. ಉಳಿದರ್ಧವನ್ನು ಛತ್ರಪತಿ ಸಂಭಾಜಿನಗರ ಜಿಲ್ಲೆಯ ಗುಹೆಗಳಿಂದ ಹೇಳಬೇಕಾಗುತ್ತದೆ. ಹಾಗೆ ಹೇಳಹೊರಟರೆ ಮೊದಲಲ್ಲೇ ಮೈಸೂರಿನವರೊಬ್ಬರು ಎದುರಾಗುತ್ತಾರೆ.

1909ರಿಂದ 1911ರವರೆಗಿನ ಎರಡು ಚಳಿಗಾಲಗಳಲ್ಲಿ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಕಲಾವಿದೆ ಅಜಂತಾದ ಭಿತ್ತಿಚಿತ್ರಗಳನ್ನು ನಕಲು ಮಾಡಿಸಿದರು. ಕಲ್ಕತ್ತೆಯಿಂದ ಅವನೀಂದ್ರನಾಥ ಠಾಕೂರರ ಶಿಷ್ಯರು ಈ ಕೆಲಸಕ್ಕೆ ಬಂದರು. ಅವರಲ್ಲಿ ನಂದಲಾಲ್ ಬಸು ಇದ್ದರು, ಅಸಿತ್ ಕುಮಾರ್ ಹಾಲ್ದಾರ್ ಇದ್ದರು, ನಮ್ಮ ಕೆ. ವೆಂಕಟಪ್ಪನವರೂ ಇದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತೆಗೆ ಹೋಗಿ ಕಲಿತ ವೆಂಕಟಪ್ಪನವರ ಹೆಸರು ಇಂದು ಬೆಂಗಳೂರಿನ ಕಲಾ ಗ್ಯಾಲರಿಯೊಂದರ ಫಲಕದಲ್ಲಿದೆ. ಅಜಂತಾದ ಮಬ್ಬು ಬೆಳಕಿನಲ್ಲಿ ಅವರು ಪಟ್ಟ ಶ್ರಮವನ್ನು ನೆನೆಯುವವರು ಮಾತ್ರ ವಿರಳ.

ನಂದಲಾಲರಿಗೆ ಆ ದಿನಗಳು ಜೀವಮಾನದ ಪಾಠವಾದವು. ಮುಂದೆ ಅವರು ಶಾಂತಿನಿಕೇತನದ ಕಲಾಭವನದ ಮುಖ್ಯಸ್ಥರಾದರು. 1940ರಲ್ಲಿ ಅವರ ಬಳಿ ಕಲಿಯಲು ಬಂದ ತರುಣ ಸತ್ಯಜಿತ್ ರೇ. ಪಟ್ಟಣದಲ್ಲಿ ಬೆಳೆದ, ಪಾಶ್ಚಾತ್ಯ ಸಂಗೀತದ ಹುಚ್ಚು ಹಿಡಿಸಿಕೊಂಡಿದ್ದ ಆ ಹುಡುಗನಿಗೆ ಭಾರತೀಯ ಕಲೆಯ ಬಗ್ಗೆ ಆವರೆಗೆ ಹೆಚ್ಚಿನ ಒಲವಿರಲಿಲ್ಲ. ಓದಿನ ನಡುವೆ ಸಹಪಾಠಿಗಳೊಡನೆ ಅಜಂತಾ, ಎಲ್ಲೋರಾ, ಎಲಿಫೆಂಟಾಗಳನ್ನು ಸುತ್ತಿ ಬಂದ ಮೇಲೆ ಆ ಉದಾಸೀನ ಉಳಿಯಲಿಲ್ಲ. 1942ರ ಕೊನೆಗೆ, ಕಲ್ಕತ್ತೆಯ ಮೇಲೆ ಜಪಾನಿ ಬಾಂಬುಗಳು ಬಿದ್ದ ಹೊತ್ತಿಗೆ, ಅವರು ಕಲಾಭವನವನ್ನು ಬಿಟ್ಟರು. ಪದವಿ ಪೂರ್ಣಗೊಳ್ಳಲಿಲ್ಲ; ಕಣ್ಣು ಮಾತ್ರ ಸಿದ್ಧವಾಗಿತ್ತು.

ಅಜಂತಾದ ಗೋಡೆಯ ಮೇಲೆ ಜಾತಕ ಕಥೆಗಳು ಚೌಕಟ್ಟಿಲ್ಲದೆ ಹರಿಯುತ್ತವೆ. ಒಬ್ಬಾಕೆಯ ನೋಟ ಅಥವಾ ಬಾಗಿದ ಒಂದು ಕೈ ನಮ್ಮ ಕಣ್ಣನ್ನು ಮುಂದಿನ ಪ್ರಸಂಗಕ್ಕೆ ಒಯ್ಯುತ್ತದೆ. ಅಳು ಇದ್ದಲ್ಲಿಯೂ ಆರ್ಭಟವಿಲ್ಲ. 'ಪಥೇರ್ ಪಾಂಚಾಲಿ'ಯಲ್ಲಿ ಊರಿಗೆ ಮರಳಿದ ಹರಿಹರ ಸತ್ತ ಮಗಳಿಗಾಗಿ ತಂದ ಸೀರೆಯನ್ನು ತೋರಿಸಿದಾಗ ಸರ್ವಜಯಾ ಕುಸಿಯುತ್ತಾಳೆ. ಅವಳ ರೋದನ ನಮಗೆ ಕೇಳಿಸುವುದಿಲ್ಲ, ಅದರ ಜಾಗದಲ್ಲಿ ತಾರ್ ಶಹನಾಯಿ ಮೊರೆಯುತ್ತದೆ. ಈ ಸಂಯಮ ಇಟಲಿಯ ನವವಾಸ್ತವವಾದದಲ್ಲಿ ನನಗೆ ಅಷ್ಟಾಗಿ ಕಾಣದು, ಅಜಂತಾದಲ್ಲಿ ಕಾಣುತ್ತದೆ. ಆ ಚಿತ್ರಕ್ಕೆ ಕ್ರಮಬದ್ಧವಾದ ಪೂರ್ಣ ಚಿತ್ರಕಥೆ ಇರಲಿಲ್ಲ, ರೇ ಬಿಡಿಸಿದ ಚಿತ್ರಗಳ ಪುಸ್ತಕವಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ಬಂಗಾಳದ ಎಲ್ಲರನ್ನೂ ಈ ಗುಹೆಗಳಿಗೆ ತಂದು ಕಟ್ಟಲಾಗದು. ಋತ್ವಿಕ್ ಘಟಕ್ ಬಂದದ್ದು ಇಪ್ಟಾ ರಂಗಭೂಮಿಯಿಂದ, ದೇಶವಿಭಜನೆಯ ಗಾಯದಿಂದ. 'ಮೇಘೇ ಢಾಕಾ ತಾರಾ'ದಲ್ಲಿ (1960) ಸಂಯಮವನ್ನು ಹುಡುಕುವುದೇ ತಪ್ಪು. ಆದರೆ ಅವರೂ ಮಹಾರಾಷ್ಟ್ರಕ್ಕೆ ಬಂದರು. 1960ರ ದಶಕದ ನಡುವಿನಲ್ಲಿ ಪುಣೆಯ ಫಿಲ್ಮ್ ಸಂಸ್ಥೆಯಲ್ಲಿ ಅಲ್ಪಕಾಲ ಕಲಿಸಿ ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಅವರಂಥ ಶಿಷ್ಯರನ್ನು ಬಿಟ್ಟುಹೋದರು. ಹತ್ತು ವರ್ಷಗಳ ಬಳಿಕ ಅದೇ ಸಂಸ್ಥೆಯಿಂದ ಹೊರಬಂದ ಗಿರೀಶ ಕಾಸರವಳ್ಳಿ 1977ರಲ್ಲಿ 'ಘಟಶ್ರಾದ್ಧ'ವನ್ನು ಕೊಟ್ಟರು.

ನಾಸಿಕಕ್ಕೂ ಈ ಕಥೆಯಲ್ಲಿ ಪಾಲಿದೆ. ಸಮೀಪದ ತ್ರ್ಯಂಬಕದಲ್ಲಿ 1870ರಲ್ಲಿ ಹುಟ್ಟಿದ ದಾದಾಸಾಹೇಬ್ ಫಾಳ್ಕೆ 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಅದೇ ಶಾಲೆಯ ವಿದ್ಯಾರ್ಥಿಗಳು ಜಾನ್ ಗ್ರಿಫಿತ್ಸ್ ಅವರ ಮಾರ್ಗದರ್ಶನದಲ್ಲಿ ಅಜಂತಾವನ್ನು ನಕಲು ಮಾಡುತ್ತಿದ್ದ ಕಾಲವದು. 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆರೆಕಂಡಿತು. ಬಳಿಕ ಫಾಳ್ಕೆ ತಮ್ಮ ಚಿತ್ರಶಾಲೆಯನ್ನು ನಾಸಿಕಕ್ಕೆ ತಂದರು, 1944ರಲ್ಲಿ ಅಲ್ಲೇ ತೀರಿಕೊಂಡರು. ಅವರ ಹೆಸರಿನ ಪ್ರಶಸ್ತಿ ರೇ ಅವರಿಗೂ ಸಂದಿತು, ನಮ್ಮ ರಾಜಕುಮಾರ್ ಅವರಿಗೂ ಸಂದಿತು. ಫಾಳ್ಕೆಯವರ ಚಿತ್ರಗಳೋ ಬಹುಪಾಲು ನಶಿಸಿಹೋಗಿವೆ.

ಅಜಂತಾದ ನಕಲುಗಳಿಗೂ ಬೆಂಕಿಗೂ ಏನೋ ಹಳೆಯ ಹಗೆ. ರಾಬರ್ಟ್ ಗಿಲ್ 1844ರಿಂದ ವರ್ಷಗಟ್ಟಲೆ ಕುಳಿತು ಬರೆದ ಚಿತ್ರಗಳ ಬಹುಭಾಗ 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸುಟ್ಟಿತು. ಗ್ರಿಫಿತ್ಸ್ ತಂಡದ ಅನೇಕ ಚಿತ್ರಗಳು 1885ರಲ್ಲಿ ಅದೇ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಭಸ್ಮವಾದವು. ಮತ್ತೆ 1993ರಲ್ಲಿ, ರೇ ತೀರಿಕೊಂಡ ಮರುವರ್ಷ, ಅದೇ ಊರಿನ ಹೆಂಡರ್ಸನ್ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದಾಗ ಅಪು ಚಿತ್ರತ್ರಯದ ಮೂಲ ನೆಗೆಟಿವ್‌ಗಳು ಅಲ್ಲಿದ್ದವು. ಸುಟ್ಟು ಕರಗಿದ ಸುರುಳಿಗಳನ್ನು ಯಾರೋ ಎಸೆಯದೆ ಇಟ್ಟರು. ಸುಮಾರು ಎರಡು ದಶಕಗಳ ಬಳಿಕ ಇಟಲಿಯ ಬೊಲೋನ್ಯಾದ ತಂತ್ರಜ್ಞರು ಒಣಗಿ ಮುರುಟಿದ ಫಿಲ್ಮಿಗೆ ಮತ್ತೆ ತೇವ ಕೊಟ್ಟು, ಅಂಟಿದ ಸುರುಳಿಗಳನ್ನು ಕೈಯಿಂದ ಬಿಡಿಸಿ, ಮೊದಲೆರಡು ಚಿತ್ರಗಳ ಒಂದಷ್ಟು ಭಾಗವನ್ನು ಮೂಲದಿಂದಲೇ ಉಳಿಸಿಕೊಂಡರು. 'ಅಪುರ್ ಸಂಸಾರ್'ಗೆ ಬೇರೆ ಪ್ರತಿಗಳೇ ಗತಿಯಾದವು. 2015ರಲ್ಲಿ ಮೂರೂ ಮತ್ತೆ ತೆರೆಗೆ ಬಂದವು. 'ಘಟಶ್ರಾದ್ಧ'ವೂ ಹೀಗೆ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಕನ್ನಡದ ಎಷ್ಟು ಚಿತ್ರಗಳಿಗೆ ಈ ಭಾಗ್ಯವಿದೆ?

ಎಲ್ಲೋರಾವನ್ನು ರೇ ಮರೆಯಲಿಲ್ಲ. 1970ರ ದಶಕದಲ್ಲಿ ಬರೆದ 'ಕೈಲಾಸೇ ಕೇಲೆಂಕಾರಿ' ಎಂಬ ಪತ್ತೇದಾರಿ ಕಾದಂಬರಿಯಲ್ಲಿ, ಭುವನೇಶ್ವರದ ದೇಗುಲದಿಂದ ಕಳುವಾದ ಯಕ್ಷಿಯ ಶಿರಸ್ಸಿನ ಜಾಡು ಹಿಡಿದು ಫೆಲುದಾ ಇಲ್ಲಿಗೇ ಬರುತ್ತಾನೆ. ವಿಗ್ರಹಚೋರರ ಮೇಲಿನ ಸಿಟ್ಟು ಮಕ್ಕಳ ಆ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಇದೆ. ಸಂದೀಪ್ ರೇ 2007ರಲ್ಲಿ ಅದನ್ನು ಚಿತ್ರವಾಗಿಸಿದರು.

ಅವನು ಬಂದು ನಿಲ್ಲುವ ಆ ಕೈಲಾಸ ರಾಷ್ಟ್ರಕೂಟರ ಒಂದನೆಯ ಕೃಷ್ಣನದು. ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲವನ್ನು ಕಂಡವರಿಗೆ ಅದರ ವಿನ್ಯಾಸ ಪರಿಚಿತವೆನಿಸುತ್ತದೆ. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯೆಂದು ಗುರುತಿಸಿದ ಗೋದಾವರಿಯ ದಡದ ನಾಸಿಕದಲ್ಲೋ, ಸಂಭಾಜಿನಗರದಲ್ಲೋ ನೆಲೆಸಿರುವ ಕನ್ನಡಿಗರು ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ಯುವುದುಂಟು. ಹೋದಾಗ ಮಂಟಪದ ದಕ್ಷಿಣ ಮತ್ತು ಉತ್ತರದ ಗೋಡೆಗಳ ಬಳಿ ತುಸು ನಿಲ್ಲಿ. ಒಂದರಲ್ಲಿ ರಾಮಾಯಣ, ಇನ್ನೊಂದರಲ್ಲಿ ಮಹಾಭಾರತ. ಸಾಲಿನ ಕೆಳಗೆ ಸಾಲಾಗಿ, ಮಾತಿಲ್ಲದೆ ಕಥೆ ಸಾಗುತ್ತದೆ. ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ.