ವೃಷಭಾವತಿಯೂ ಮನೆಯ ಬಚ್ಚಲೂ

ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುವುದೆಂಬ ನಂಬಿಕೆಯಿಂದ ವೃಷಭಾವತಿಗೆ ಆ ಹೆಸರು ಬಂದಿತು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕಾಲುವೆಗಳನ್ನು ಕೂಡಿಸಿಕೊಂಡು, ಕೆಂಗೇರಿಯನ್ನು ಹಾದು, ಬೈರಮಂಗಲದ ಕೆರೆಯನ್ನು ತುಂಬಿ, ಕನಕಪುರದ ಕಡೆಯಲ್ಲಿ ಅದು ಅರ್ಕಾವತಿಯನ್ನು ಸೇರುವುದು. ಊರ ನೆತ್ತಿಯಲ್ಲಿ ಹುಟ್ಟುವ ಇಂಥ ಹೊಳೆ ಬೇಸಗೆಯಲ್ಲಿ ಬಡವಾಗತಕ್ಕದ್ದು. ಅದು ಈಗ ವರ್ಷವಿಡೀ ಹರಿಯುತ್ತಿರಲು, ಆ ನೀರು ಎಲ್ಲಿಯದೆಂಬುದು ವಿಚಾರಣೀಯವಾಗಿದೆ.

ಬಾವಿಯ ನೀರನ್ನು ಸೇದಿ ತರುತ್ತಿದ್ದ ಕಾಲದಲ್ಲಿ ಮನೆಯ ಬಳಕೆ ಅಲ್ಪ. ಬಚ್ಚಲ ನೀರು ಹಿತ್ತಿಲ ಬಾಳೆಗೂ ಕೆಸುವಿಗೂ ಹರಿದು ಮುಗಿಯುತ್ತಿತ್ತು. (ಮಲದ ವಿಷಯದಲ್ಲಿ ಆ ಕಾಲವನ್ನು ಹೊಗಳುವಂತಿಲ್ಲ, ಅದನ್ನು ಮನುಷ್ಯರ ತಲೆಯ ಮೇಲೆ ಹೊರಿಸಿದ್ದರು.) 1896ರಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಕೊಳಾಯಿ ನೀರು ಬಂದಿತು. ಎರಡೂ ಅರ್ಕಾವತಿಯವೇ. ಮೇಲ್ಭಾಗದಲ್ಲಿ ತಿಳಿಯಾಗಿ ತೆಗೆದುಕೊಂಡ ನೀರಿನಲ್ಲಿ ಒಂದು ಪಾಲನ್ನು ನಗರವು ಅದೇ ನದಿಗೆ ಕೆಳಭಾಗದಲ್ಲಿ ಕೊಳಚೆಯಾಗಿ ಹಿಂದಿರುಗಿಸಿತು. 1974ರಲ್ಲಿ ಕಾವೇರಿಯೂ ಬಂದ ಮೇಲೆ ಈ ಭಾರವು ಬಹಳವಾಗಿ ಬೆಳೆಯಿತು. ಕಣಿವೆಯ ಕೆಳಗೆ ದೊಡ್ಡ ಶುದ್ಧೀಕರಣಾಲಯವೇನೋ ನಿಂತಿತು. ಆದರೆ ಒಳಚರಂಡಿಗೆ ಸೇರದ ಮನೆಗಳ ನೀರು ರಾಜಕಾಲುವೆಗೆ ಇಳಿದು ಅದರ ಬಾಗಿಲನ್ನೇ ಕಾಣದೆ ಹೋಯಿತು.

ಈ ಕೊರತೆಯಿಂದಲೇ ನೀರನ್ನು ಹುಟ್ಟಿದೆಡೆಯಲ್ಲಿ ಶುದ್ಧಿಮಾಡುವ ಕ್ರಮಕ್ಕೆ ಬೆಲೆ ಬಂದಿತು. ಕೆಂಗೇರಿಯ ಬಳಿ ಬೀಡಿ ಕಾರ್ಮಿಕರ ಕಾಲೊನಿಯಲ್ಲಿ ಅದರ ಮಾದರಿಯೊಂದನ್ನು ಕಟ್ಟಿದರು. ಮೊದಲ ತೊಟ್ಟಿಯಲ್ಲಿ ಗಸಿ ತಳಕ್ಕಿಳಿಯುವುದು. ಅಡ್ಡಗೋಡೆಗಳುಳ್ಳ ಮುಚ್ಚಿದ ಕೋಣೆಗಳಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕಲ್ಮಷವನ್ನು ತಿನ್ನುವುವು. ಬಳಿಕ ಜಲ್ಲಿಯಲ್ಲಿ ನೆಟ್ಟ ಗಿಡಗಳ ಬೇರುಗಳ ನಡುವೆ ನೀರು ಸೋಸಿ ಹೊರಬರುವುದು. ವಿದ್ಯುತ್ತಿನ ಹಂಗು ಬಹುಮಟ್ಟಿಗೆ ಇಲ್ಲ. ಹೊಳೆಯ ಆಮ್ಲಜನಕವನ್ನು ಕಬಳಿಸುವ ಕೊಳೆಯನ್ನು ಈ ಕ್ರಮವು ಬಹಳಷ್ಟು ತಗ್ಗಿಸುವುದು. ಸಾರಜನಕ ರಂಜಕಗಳನ್ನು ಅಷ್ಟಾಗಿ ತೆಗೆಯಲಾರದು. ಗಸಿಯನ್ನು ಕಾಲಕಾಲಕ್ಕೆ ಎತ್ತದಿದ್ದರೆ ಆ ಗುಣವೂ ಕೆಡುವುದು. ಸಾಬೂನುಪುಡಿಯ ನೊರೆಯನ್ನೂ ಕಾರ್ಖಾನೆಗಳ ವಿಷವನ್ನೂ ಹೊತ್ತ ವೃಷಭಾವತಿಯನ್ನು ಈ ಉಪಾಯವೊಂದೇ ಉದ್ಧರಿಸೀತೆಂಬುದು ಅತಿಯಾದ ಮಾತು.

ಶುದ್ಧವಾದ ನೀರನ್ನು ಮತ್ತೆ ಅದೇ ಕಾಲುವೆಗೆ ಬಿಟ್ಟರೆ ನೆರೆಮನೆಯ ಕೊಳಚೆಯೊಡನೆ ಕೂಡಿ ಫಲವು ಕಣ್ಣಿಗೇ ಬೀಳದು. ಹಿಂದಿನಂತೆ ಗಿಡಕ್ಕೂ, ಹೊಸದಾಗಿ ಪಾಯಿಖಾನೆಗೂ ಬಳಸಿದಲ್ಲಿ ಹೊಳೆಗೆ ಬೀಳುವ ಕೊಳೆಯೂ ಕಾವೇರಿಯಿಂದ ತರುವ ನೀರೂ ಒಟ್ಟಿಗೆ ಕಡಮೆಯಾಗುವುವು. ಆಗ ಮತ್ತೊಂದು ತೊಡಕು ಏಳುವುದು. ಬೈರಮಂಗಲದ ಅಚ್ಚುಕಟ್ಟಿನ ರೈತರು ನಗರದ ಈ ನೀರನ್ನೇ ನಂಬಿ, ಅದಕ್ಕೆ ಹೊಂದುವ ಹಿಪ್ಪುನೇರಳೆಯನ್ನೂ ಮೇವಿನ ಹುಲ್ಲನ್ನೂ ಬೆಳೆಯಲು ತೊಡಗಿದವರು. ಮೇಲಿನ ಬಡಾವಣೆಗಳು ತಮ್ಮ ನೀರನ್ನೆಲ್ಲ ತಾವೇ ಮರುಬಳಸಿದರೆ, ಬೇಸಗೆಯಲ್ಲಿ ಆ ಕೆರೆಗೆ ಎಷ್ಟು ಉಳಿಯುವುದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿದೆ.